ಸೋಮವಾರದ ಎತ್ತು ಮತ್ತು ಅತಿಭಾರವೆಂಬ ಅತಿಚಾರ

ಇಂದಿನ ಸವದತ್ತಿಯ ಪ್ರಾಚೀನ ಹೆಸರು ಸುಗಂಧವರ್ತಿ. ಜಿನಧರ್ಮಾವಲಂಬಿಗಳಾದ ರಟ್ಟರು ಇಲ್ಲಿಂದ ಆಳಿದರು. ವೇಣುಗ್ರಾಮ, ಎಂದರೆ ಬೆಳಗಾವಿ, ಅವರ ರಾಜಧಾನಿಯಾದದ್ದು ಆ ತರುವಾಯ. ರಟ್ಟ ಶಾಂತಿವರ್ಮನು ಸುಗಂಧವರ್ತಿಯಲ್ಲಿ ಬಸದಿಯನ್ನು ಕಟ್ಟಿಸಿ ಅದಕ್ಕೆ ಭೂದಾನ ಮಾಡಿದ ಸಂಗತಿಯನ್ನು ತಿಳಿಸುವ ಶಾಸನ ಶಕವರ್ಷ 902ರದು, ಅಂದರೆ ಕ್ರಿ.ಶ. 980ರದು. ಇಮ್ಮಡಿ ತೈಲಪನು ರಾಷ್ಟ್ರಕೂಟರನ್ನು ಕೆಡವಿ ಚಾಲುಕ್ಯರ ಆಳ್ವಿಕೆಯನ್ನು ಮರಳಿ ಸ್ಥಾಪಿಸಿ ಆಗ ಏಳು ವರ್ಷಗಳಾಗಿದ್ದವು. ಈ ಶಾಸನದ ಕಾಲವನ್ನು ಒಬ್ಬ ಅಧ್ಯಾಪಕರು ತಮ್ಮ ಲೇಖನದಲ್ಲಿ ಶಕ 920 ಎಂದು ಬರೆದರು.

ಅಂಕಿಗಳೆರಡು ಸ್ಥಳ ಬದಲಿಸಿದ್ದವು, ಅಷ್ಟೆ. ಆದರೆ ಹದಿನೆಂಟು ವರ್ಷ ಮುಂದೆ ಸರಿದರೆ ಅದು ಕ್ರಿ.ಶ. 998 ಆಗುತ್ತದೆ. ತೈಲಪನ ಆಳ್ವಿಕೆ 997ಕ್ಕೆ ಮುಗಿದು, ಆತನ ಮಗ ಸತ್ಯಾಶ್ರಯನು ಪಟ್ಟಕ್ಕೆ ಬಂದಿದ್ದ ಕಾಲವದು. ಒಂದು ಕೈತಪ್ಪಿನಿಂದ ಶಾಂತಿವರ್ಮನ ಒಡೆಯನೇ ಬದಲಾಗಿಬಿಟ್ಟನು. ಅಚ್ಚಾದ ಮೇಲೆ ತಪ್ಪನ್ನು ತೋರಿಸಿದವನು ಅವರದೇ ಹಳೆಯ ವಿದ್ಯಾರ್ಥಿ. ಅಧ್ಯಾಪಕರಿಗೆ ಹೆಚ್ಚು ನೋವಾದದ್ದು ತಪ್ಪಿಗಲ್ಲ. ಕರಡನ್ನು ಮೂರು ಸಲ ತಿದ್ದಿದಾಗಲೂ ಅದು ತಮ್ಮ ಕಣ್ಣಿಗೆ ಬೀಳಲಿಲ್ಲವಲ್ಲ ಎಂಬುದಕ್ಕೆ.

ಅವರು ಸವದತ್ತಿಯಲ್ಲಿ ಪ್ರೌಢಶಾಲೆಯ ಕನ್ನಡ ಅಧ್ಯಾಪಕರು; ಬೈಲಹೊಂಗಲದ ಕಡೆಯ ಜೈನ ರೈತ ಮನೆತನದವರು. ಹಗಲು ಪಾಠ, ಸಂಜೆ ರಟ್ಟರ ಶಾಸನಗಳ ಸಂಪಾದನೆ, ರಾತ್ರಿ ಸಂಶೋಧನ ಪ್ರಬಂಧ, ರವಿವಾರಗಳಂದು ಉಪನ್ಯಾಸ. ಸೂರ್ಯಾಸ್ತಕ್ಕೆ ಮೊದಲು ಉಣ್ಣುವ ಮನೆಯ ವ್ರತ ಎಂದೋ ತಪ್ಪಿಹೋಗಿ, ರಾತ್ರಿ ಹತ್ತರ ಮೇಲೆ ತಟ್ಟೆಯ ಮುಂದೆ ಕೂರುವುದು ರೂಢಿಯಾಗಿತ್ತು. ಮೊದಲು ನಿದ್ದೆ ಕಡಿಮೆಯಾಯಿತು. ಆಮೇಲೆ ಪ್ರಾಣಕ್ಕೆ ಪ್ರಿಯವಾಗಿದ್ದ ಶಾಸನಗಳನ್ನು ಕಂಡರೇ ಬೇಸರ ಮೂಡತೊಡಗಿತು. ಕೊನೆಗೆ ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ಅರ್ಥ ನಿಲ್ಲದಂತಾಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗವರ್ಗೀಕರಣದಲ್ಲಿ ‘ಬರ್ನ್‌ಔಟ್’ ಎಂಬುದಕ್ಕೆ ಹೇಳಿದ ಲಕ್ಷಣಗಳೂ ಇವೇ ಮೂರು: ಕಸುವು ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ ಕೆಲಸ ಸೊರಗುವುದು. ಸಂಸ್ಥೆಯು ಇದನ್ನು ಕಾಯಿಲೆ ಎಂದು ಕರೆಯದೆ, ದುಡಿಮೆಯೊಂದಿಗೆ ಹುಟ್ಟುವ ಸ್ಥಿತಿ ಎಂದು ಕರೆದಿರುವುದು ಗಮನಾರ್ಹವಾಗಿದೆ.

ವೈದ್ಯರು ಎಂಟು ದಿನ ಓದು ಬರಹ ಬಿಡಬೇಕೆಂದರು. ಅಧ್ಯಾಪಕರು ಊರಿಗೆ ಹೋದರು. ಮೃಗಶಿರಾ ಮಳೆ ಒಂದು ಸಲ ಚೆನ್ನಾಗಿ ಹೊಯ್ದು ಎರೆಹೊಲಗಳೆಲ್ಲ ಹದಕ್ಕೆ ಬಂದಿದ್ದವು. ಮರುದಿನ ಸೋಮವಾರ. ಸುತ್ತಲಿನ ಹೊಲಗಳಲ್ಲಿ ಬಾಡಿಗೆಯ ಟ್ರ್ಯಾಕ್ಟರ್‌ಗಳು ಹೆಸರು ಬಿತ್ತುತ್ತಿದ್ದರೆ, ಅವರ ಮನೆಯ ಎತ್ತುಗಳೆರಡೂ ಬೇವಿನ ಮರದಡಿ ಮೆಲುಕು ಹಾಕುತ್ತ ಮಲಗಿದ್ದವು. ಕೂರಿಗೆ ಗೋಡೆಗೊರಗಿತ್ತು. ಮಗ ಕೇಳಿದರು:

“ಎಪ್ಪಾ, ಹದ ಹೋದೀತಲ್ಲ?”

“ಹೋದ್ರ ಹೋಗ್ಲಿ. ಮತ್ತ ಮಳಿ ಬರತೈತಿ. ಸ್ವಾಮಾರ ಎತ್ತು ಹೂಡೂದಿಲ್ಲ.”

“ಅವೇನು ದಣದಿಲ್ಲಲ್ಲ?”

“ದಣದ ಮ್ಯಾಲ ಬಿಟ್ರ ಅದು ಬಿಡೂದಲ್ಲೋ ತಮ್ಮಾ, ಬೀಳೂದು. ದಣದೀಯೇನು ಅಂತ ಎತ್ತಿನ್ನ ಕೇಳಾಕ ಆಗತೈತೇನು? ಅದಕ್ಕ ಹಿರಿಯಾರು ವಾರ ಗೊತ್ತು ಮಾಡಿ ಇಟ್ಟಾರ.”

ಸೋಮವಾರ ಎತ್ತುಗಳಿಗೆ ನೊಗ ಹೂಡದಿರುವುದು ಉತ್ತರ ಕರ್ನಾಟಕದ ರೈತರ ಹಳೆಯ ಕಟ್ಟಳೆ. ಎತ್ತು ಶಿವನ ವಾಹನವಾದ ಬಸವಣ್ಣನೆಂದೂ ಸೋಮವಾರ ಶಿವನ ವಾರವೆಂದೂ ಅದಕ್ಕೆ ಕಾರಣ ಹೇಳುತ್ತಾರೆ. ಆದಿನಾಥ ತೀರ್ಥಂಕರನ ಲಾಂಛನವೂ ವೃಷಭವೇ ಆಗಿರುವುದರಿಂದ ಜೈನ ರೈತನಿಗೂ ಈ ಭಕ್ತಿ ಪರಕೀಯವಾದುದಲ್ಲ. ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಜನರಿಗೆ ಕಲಿಸಿದವನು ಆ ಆದಿದೇವನೇ ಎಂಬುದು ಪುರಾಣಪ್ರಸಿದ್ಧ. ತಂದೆಯ ಕೃಷಿಯೂ ಮಗನ ಮಸಿಯೂ ಒಬ್ಬನೇ ಗುರುವಿನಿಂದ ಬಂದ ವಿದ್ಯೆಗಳು. ಕೃಷಿಗೆ ಬಿಡುವಿನ ವಾರವಿತ್ತು. ಮಸಿಗೆ ಅದನ್ನು ಯಾರೂ ಗೊತ್ತುಮಾಡಿರಲಿಲ್ಲ.

ಆ ಮಧ್ಯಾಹ್ನ ಅಧ್ಯಾಪಕರಿಗೆ ನೆನಪಾದದ್ದು ಉಮಾಸ್ವಾತಿಯ ತತ್ತ್ವಾರ್ಥಸೂತ್ರ. ಅದರ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಅನ್ನನೀರು ತಡೆಯುವುದು ಇವುಗಳ ಜೊತೆಗೆ ‘ಅತಿಭಾರಾರೋಪಣ’ವೂ ಅಲ್ಲಿದೆ: ಹೊರಲಾರದಷ್ಟು ಹೊರೆ ಹೇರುವುದು. ಇದನ್ನು ಅವರು ಎಷ್ಟೋ ಸಲ ಪ್ರವಚನಗಳಲ್ಲಿ ವಿವರಿಸಿದ್ದರು. ಪ್ರತಿಸಲವೂ ಗಾಡಿಯ ಎತ್ತನ್ನೇ ಉದಾಹರಿಸಿದ್ದರು. ಹೊರೆ ಹೊತ್ತ ಜೀವ ತಮ್ಮದೂ ಆಗಬಹುದೆಂಬುದು, ನಿದ್ದೆಯನ್ನೂ ಹೊತ್ತಿನ ಊಟವನ್ನೂ ತಾವೇ ತಮಗೆ ತಡೆದುಕೊಂಡಿದ್ದುದೂ ಅದೇ ಪಟ್ಟಿಗೆ ಸೇರುತ್ತದೆಂಬುದು ಅವರಿಗೆ ಹೊಳೆದದ್ದು ಆಗಲೇ. ಇತರ ಜೀವಗಳಲ್ಲಿ ದಯೆಯಿದ್ದು ತನ್ನ ದೇಹಕ್ಕೆ ನಿರ್ದಯನಾಗಿರುವವನ ಅಹಿಂಸೆಯೂ ಅಪೂರ್ಣವಾದುದೇ.

ಜೈನ ಮುನಿಚರ್ಯೆಯಲ್ಲಿ ನಿಧಾನವೆಂಬುದು ದಣಿವಿನ ಚಿಕಿತ್ಸೆಯಾಗಿ ಬಂದುದಲ್ಲ, ಮೊದಲೇ ವಿಧಿಸಿದ ನಿಯಮವಾಗಿ ಬಂದುದು. ಈರ್ಯಾಸಮಿತಿಯಂತೆ ಮುನಿಯು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡಬೇಕು. ಈ ಅಳತೆಗೆ ಶಾಸ್ತ್ರದಲ್ಲಿ ‘ಯುಗ’ವೆಂದು ಹೆಸರು, ಯುಗವೆಂದರೆ ನೊಗ. ಮಳೆಗಾಲದಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳು ಕಾಲಡಿಗೆ ಸಿಕ್ಕಿ ಸಾಯಬಾರದೆಂದು ಆಷಾಢದಿಂದ ಕಾರ್ತಿಕದವರೆಗೆ ವಿಹಾರವೇ ನಿಲ್ಲುತ್ತದೆ; ಕಾಲಿಗೆ ಬಿಡುವು, ಸ್ವಾಧ್ಯಾಯಕ್ಕೆ ಅವಕಾಶ. ಆಯಾಸವಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ತಿಥಿ ಬಂದೊಡನೆ ನಡಿಗೆ ನಿಲ್ಲುತ್ತದೆ. ರೈತನ ಸೋಮವಾರವೂ ಮುನಿಯ ಚಾತುರ್ಮಾಸವೂ ಈ ಒಂದು ಅಂಶದಲ್ಲಿ ಸಮಾನವಾಗಿವೆ. ದಣಿದವನ ವಿವೇಚನೆಯನ್ನು ಎರಡೂ ನಂಬುವುದಿಲ್ಲ. ದಣಿದವನಿಗೆ ಇನ್ನೊಂದು ಸಾಲು, ಇನ್ನೊಂದು ಗಳೆ ಸಾಗೀತೆಂದೇ ತೋರುತ್ತದೆ.

ವಿದ್ವತ್ತಿನಲ್ಲೂ ಇದಕ್ಕೆ ನಿದರ್ಶನವಿದೆ. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಮೂರು ದಶಕಗಳ ಕಾಲ ಪಾಠ ಹೇಳುತ್ತಲೇ ಪ್ರಾಕೃತ ಗ್ರಂಥಗಳನ್ನು ಸಂಪಾದಿಸಿದರು. ‘ಪ್ರವಚನಸಾರ’ 1935ರಲ್ಲಿ ಹೊರಬಂದಿತು, ‘ಪರಮಾತ್ಮಪ್ರಕಾಶ’ 1937ರಲ್ಲಿ. ‘ಕುವಲಯಮಾಲಾ’ದ ಮೊದಲ ಭಾಗ 1959ರಲ್ಲಿ ಬಂದರೆ ಎರಡನೆಯದು ಬಂದದ್ದು 1970ರಲ್ಲಿ. ನಡುವೆ ಹನ್ನೊಂದು ವರ್ಷಗಳು. ಇಂದಿನ ಓದುಗರು ಆ ಅಂತರವನ್ನು ಕೇಳುವುದಿಲ್ಲ, ಪಾಠದ ಶುದ್ಧಿಯನ್ನು ಕೇಳುತ್ತಾರೆ.

ಅಧ್ಯಾಪಕರು ಇದನ್ನೆಲ್ಲ ಸಂಜೆ ಪಡಸಾಲೆಯಲ್ಲಿ ಉತ್ಸಾಹದಿಂದ ಹೇಳುತ್ತಿರುವಾಗ ಒಳಗಿನಿಂದ ತಾಯಿಯ ಮಾತು ಬಂದಿತು: “ಎತ್ತಿಗಿ ಸ್ವಾಮಾರ ಐತಿ, ಒಲಿಗಿ ಇಲ್ಲ ನೋಡಪ್ಪಾ.” ಯಾರೂ ಉತ್ತರಿಸಲಿಲ್ಲ. ಹಿರಿಯರು ಗೊತ್ತುಮಾಡಿದ ಬಿಡುವಿನಲ್ಲಿ ಅಡುಗೆಮನೆ ಸೇರಿರಲಿಲ್ಲ ಎಂಬುದು ನಿಜವೇ ಆಗಿತ್ತು. ಮರುದಿನ ಬೆಳಿಗ್ಗೆ ನೀರು ತುಂಬಿಟ್ಟವರು ಮಗ. ರೊಟ್ಟಿ ಬಡಿಯಲು ಕೂತು ಎರಡನ್ನು ಹರಿದು, ಮೂರನೆಯದನ್ನು ಹಂಚಿಗೆ ಹಾಕಿದವರೂ ಅವರೇ. ತಾಯಿ ನಕ್ಕರು, ಆದರೆ ಒಲೆಯ ಮುಂದಿನಿಂದ ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತರು.

ಎರಡನೆಯ ಮಳೆ ಆರು ದಿನ ತಡವಾಗಿ ಬಂದಿತು. ಅವರ ಹೊಲದ ಹೆಸರು ನೆರೆಯವರದಕ್ಕಿಂತ ಹಿಂದೆ ಬಿದ್ದಿತು, ಇಳುವರಿಯೂ ತುಸು ಕಡಿಮೆಯೇ ಆಯಿತು. ನಿಧಾನಕ್ಕೆ ತೆರಬೇಕಾದ ಬೆಲೆಯಿಲ್ಲವೆಂದು ಹೇಳುವಂತಿಲ್ಲ. ಆದರೆ ತಂದೆಯವರು ಆ ಲೆಕ್ಕವನ್ನು ಒಂದು ಹಂಗಾಮಿಗೆ ಮುಗಿಸುವವರಲ್ಲ; ಹನ್ನೆರಡು ವರ್ಷಗಳಿಂದ ದುಡಿಯುತ್ತಿದ್ದ ಅದೇ ಜೋಡಿ ಹಿಂಗಾರಿನಲ್ಲಿ ಬಿಳಿಜೋಳವನ್ನೂ ಬಿತ್ತಿತು.

ಅಧ್ಯಾಪಕರಿಗೆ ಸೋಮವಾರ ಶಾಲೆಗೆ ರಜೆಯಿಲ್ಲ. ಆದುದರಿಂದ ಅವರು ತಮ್ಮ ಎಲ್ಲೆಯನ್ನು ಸೂರ್ಯಾಸ್ತಕ್ಕೆ ಗೊತ್ತುಮಾಡಿಕೊಂಡರು. ಬಿಟ್ಟ ವ್ರತ ಮರಳಿ ಬಂದಿತು. ಊಟವಾದ ಮೇಲೆ ಶಾಸನದ ಪಡಿಯಚ್ಚುಗಳನ್ನು ಬಿಚ್ಚುವುದಿಲ್ಲ. ದಿನಕ್ಕೆ ಹತ್ತೇ ಸಾಲು. ರವಿವಾರದ ಉಪನ್ಯಾಸ ತಿಂಗಳಿಗೆ ಒಂದಕ್ಕೆ ಇಳಿಯಿತು. ಕರೆದವರಲ್ಲಿ ಕೆಲವರು ಮುನಿಸಿಕೊಂಡರು. ಪ್ರಬಂಧ ಇನ್ನೂ ಮುಗಿದಿಲ್ಲ. ಶಕ 902 ಎಂಬ ತಿದ್ದುಪಡಿ ಮಾತ್ರ, ತಪ್ಪನ್ನು ತೋರಿಸಿದ ವಿದ್ಯಾರ್ಥಿಯ ಉಪಕಾರಸ್ಮರಣೆಯೊಂದಿಗೆ, ಅದೇ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಅಚ್ಚಾಯಿತು. ಅದರ ಕರಡನ್ನು ಅವರು ಒಂದೇ ಸಲ ಓದಿದರು, ಬೆಳಗಿನ ಬೆಳಕಿನಲ್ಲಿ.