ಹಿಟ್ಟಿನ ಜಿಗಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಉಣ್ಣುವುದಕ್ಕೆ ಏನೂ ಕೊರತೆಯಿಲ್ಲವೆಂದು ಮೊದಲು ಒಪ್ಪಿಕೊಂಡು, ಆಮೇಲೆ ದೂರತೊಡಗುವುದು ಧಾರವಾಡದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರ ವಾಡಿಕೆಯಾಗಿದೆ. ಹೊಸಕೋಟೆಯ ಬಿರಿಯಾನಿಗೆ ಬೆಳಕು ಹರಿಯುವ ಮೊದಲೇ ಸಾಲುಗಟ್ಟುವ ಜನರಿದ್ದಾರೆ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೇ ದೊರೆತಿದೆ. ದೊಡ್ಡಬಳ್ಳಾಪುರದ ಮುದ್ದೆ ಹೋಟೆಲುಗಳಲ್ಲಿ ಬಸ್ಸಾರು, ಅಂದರೆ ಸೊಪ್ಪುಕಾಳುಗಳನ್ನು ಬೇಯಿಸಿ ಬಸಿದ ನೀರಿನಿಂದ ಮಾಡುವ ಸಾರು, ಹೊಗೆಯಾಡುತ್ತಲೇ ಎಲೆಗೆ ಬರುತ್ತದೆ. ಆದರೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೋ ವಿಮಾನ ನಿಲ್ದಾಣದ ಪಾಳಿ ಕೆಲಸಕ್ಕೋ ಬಂದ ಧಾರವಾಡದವರಿಗೆ, ಮುದ್ದೆಯನ್ನು ಅಗಿಯದೆ ನುಂಗಬೇಕೆಂಬ ನಿಯಮವೇ ಮೊದಲ ತೊಡಕು. ಹಲ್ಲಿಗೆ ಕೆಲಸ ಕೊಡದ್ದನ್ನು ಊಟವೆಂದು ಕರೆಯಲು ಅವರ ದವಡೆ ಒಪ್ಪುವುದಿಲ್ಲ. ಅವರಿಗೆ ಬೇಕಾದದ್ದು ಖಾನಾವಳಿ.

ಖಾನಾವಳಿ ಎಂಬುದು ಮರಾಠಿಯ 'ಖಾನಾವಳ'ದಿಂದ ಬಂದ ಮಾತು. 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ, ಕಾಫಿ ತಿಂಡಿಗಳ ಗೊಡವೆಗೆ ಹೋಗದೆ ಎರಡು ಹೊತ್ತು ಊಟ ಬಡಿಸುವ ಮನೆಗೆ ಆ ಹೆಸರು ನಿಂತಿತು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಮೊಸರಿನಲ್ಲಿ ಕಲಸಿಕೊಳ್ಳಲು ಶೇಂಗಾ ಚಟ್ನಿಪುಡಿ, ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ: ಇಷ್ಟನ್ನು ಎದುರಿಗಿಟ್ಟು, "ಇನ್ನೊಂದ್ ಹಾಕ್ಲೇನ್ರಿ?" ಎಂದು ಕೇಳುವವನು ಉತ್ತರ ಬರುವುದರೊಳಗೆ ರೊಟ್ಟಿಯನ್ನು ಹಾಕಿಯೇ ಮುಂದೆ ಹೋಗಿರುತ್ತಾನೆ.

ನೆಲಮಂಗಲದಿಂದ ಉತ್ತರಕ್ಕೆ ಹೊರಡುವ ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿ, ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದ ಸುತ್ತಮುತ್ತ, 'ಉತ್ತರ ಕರ್ನಾಟಕ ಶೈಲಿಯ ಊಟ' ಎಂಬ ಫಲಕಗಳು ಈಗ ಅಪರೂಪವೇನಲ್ಲ. ಆದರೆ 'ಶೈಲಿ' ಎಂಬ ಪದವನ್ನು ಕಂಡೊಡನೆ ಧಾರವಾಡದವರ ಮುಖ ಗಂಟಾಗುತ್ತದೆ, ಏಕೆಂದರೆ ಹುಬ್ಬಳ್ಳಿಯಲ್ಲಿ ಯಾರೂ ಶೈಲಿಯನ್ನು ಉಣ್ಣುವುದಿಲ್ಲ. ಪಲ್ಯಕ್ಕೆ ಗುರೆಳ್ಳಿನ ಪುಡಿ ಬಿದ್ದಿಲ್ಲವೆಂಬುದು, ಸಾರಿಗೆ ಬೆಲ್ಲ ಹೆಚ್ಚಾಯಿತೆಂಬುದು ಸಣ್ಣ ದೂರುಗಳು. ದೊಡ್ಡ ದೂರು ರೊಟ್ಟಿಯದು: ಮುರಿದರೆ ಪುಡಿಯಾಗುತ್ತದೆ, ಮಡಚಿದರೆ ಸೀಳುತ್ತದೆ.

ಈ ಸೀಳಿಗೆ ಅಡುಗೆಯವನನ್ನು ಬೈಯುವುದು ಸುಲಭವಾದರೂ ನ್ಯಾಯವಲ್ಲ. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಪ್ರೋಟೀನು ಜೋಳದಲ್ಲಿಲ್ಲ; ಆದ್ದರಿಂದ ಹಿಟ್ಟಿಗೆ ಎಸರು, ಅಂದರೆ ಕುದಿಯುವ ನೀರು, ಬೆರೆಸಿ, ಅದರ ಪಿಷ್ಟವನ್ನು ಅರೆಬರೆ ಬೇಯಿಸಿ, ಆ ಅಂಟಿನ ಬಲದ ಮೇಲೆಯೇ ನಾದಿ ಬಡಿಯಬೇಕಾಗುತ್ತದೆ. ಬಡಿದದ್ದನ್ನು ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿ, ಆರುವಷ್ಟರಲ್ಲಿ ತಿರುವಿ ಹಾಕಿದಾಗ ಅದು ಉಬ್ಬುತ್ತದೆ. ಹಿಟ್ಟು ಹಳತಾದಷ್ಟೂ ಜಿಗಿ, ಎಂದರೆ ಅಂಟುವ ಗುಣ, ಕಳೆದುಕೊಳ್ಳುವುದರಿಂದ ಧಾರವಾಡದ ಕಡೆಯ ಮನೆಗಳಲ್ಲಿ ತಿಂಗಳುಗಟ್ಟಲೆಯ ಹಿಟ್ಟನ್ನು ಒಮ್ಮೆಗೇ ಬೀಸಿಸುವುದಿಲ್ಲ. ಇನ್ನು ಜೋಳವೂ ಬರಿಯ ಜೋಳವಲ್ಲ. ಎರಿ ಎನ್ನುವ ಕಪ್ಪು ಮಣ್ಣು ಮಳೆಗಾಲದ ನೀರನ್ನು ಕುಡಿದು ಹಿಡಿದಿಟ್ಟುಕೊಂಡ ಮೇಲೆ, ಹಿಂಗಾರಿನಲ್ಲಿ ಬಿತ್ತಿ, ಆ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲಿಯೇ ಬೆಳೆಯುವ ಬಿಳಿಜೋಳವೇ ರೊಟ್ಟಿಗೆ ಶ್ರೇಷ್ಠವೆನಿಸಿದೆ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದು ತೆಗೆದ ಮಾಲದಂಡಿ ತಳಿ, ಎಷ್ಟೋ ಹೊಸ ತಳಿಗಳು ಬಂದು ಹೋದರೂ, ರೊಟ್ಟಿಯ ರುಚಿಯಿಂದಲೂ ಹೊಲದಲ್ಲಿ ಉಳಿದುಕೊಂಡಿದೆ. ದೊಡ್ಡಬಳ್ಳಾಪುರದ ಕೆಮ್ಮಣ್ಣು ರಾಗಿಯ ಮಣ್ಣು. ಅದಕ್ಕೆ ಜೋಳದ ಹಂಗಿಲ್ಲ, ಇರಬೇಕಾಗಿಯೂ ಇಲ್ಲ.

ಇಷ್ಟಾದರೂ ಈ ಹಂಬಲದಲ್ಲಿ ಒಂದು ವಿಚಿತ್ರವಿದೆ. ಹಂಬಲ ಮನೆಯ ಊಟದ್ದಲ್ಲ, ಖಾನಾವಳಿಯ ಊಟದ್ದು. ಖಾನಾವಳಿಯಾದರೋ ಮನೆ ಇಲ್ಲದವರಿಗಾಗಿ ಹುಟ್ಟಿದ್ದು. 1917ರಲ್ಲಿ ಕರ್ನಾಟಕ ಕಾಲೇಜು ಧಾರವಾಡದಲ್ಲಿ ಆರಂಭವಾಯಿತು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ತಾನೂ ಗಂಟುಮೂಟೆ ಕಟ್ಟಿಕೊಂಡು ಅದೇ ಊರಿಗೆ ಬಂತು. ಓದಲು ಬಂದು ಬಾಡಿಗೆಯ ಖೋಲಿಗಳಲ್ಲಿ ಇರುತ್ತಿದ್ದ ಹುಡುಗರಿಗೆ ಹಳ್ಳಿಯಿಂದ ಬುತ್ತಿ ಬರುತ್ತಿತ್ತು: ಬಿಳಿ ಅರಿವೆಯಲ್ಲಿ ಕಟ್ಟಿದ ರೊಟ್ಟಿ, ಡಬ್ಬಿಯಲ್ಲಿ ಪಲ್ಯ, ಮೇಲೊಂದು ಹೆಸರಿನ ಚೀಟಿ. ತಾಯಿ ನಸುಕಿನಲ್ಲಿ ಬಡಿದದ್ದನ್ನು ತಂದೆ ಬಸ್ಸಿಗೆ ಹಾಕಿದರೆ, ಕಂಡಕ್ಟರು ಅದನ್ನು ಸೀಟಿನ ಕೆಳಗಿಟ್ಟುಕೊಂಡು ಬಂದು ನಿಲ್ದಾಣದಲ್ಲಿ ಇಳಿಸುತ್ತಿದ್ದ. ಬಸ್ಸು ಕೆಟ್ಟ ದಿನ, ಸುಗ್ಗಿಯಲ್ಲಿ ತಾಯಿಗೆ ಪುರಸೊತ್ತಿಲ್ಲದ ದಿನ, ಊರವರ ಮೇಲೆ ಸಿಟ್ಟು ಬಂದ ದಿನ ಖಾನಾವಳಿ. ಅಲ್ಲಿ ಕುಳಿತು ಆ ಹುಡುಗರು ಹೇಳುತ್ತಿದ್ದದ್ದು ಒಂದೇ ಮಾತು, ಅವ್ವನ ರೊಟ್ಟಿಯ ಹಾಗಿಲ್ಲವೆಂದು. ಅದೇ ಹುಡುಗರು ತಲೆ ನರೆತ ಮೇಲೆ ನೆಲಮಂಗಲದಲ್ಲಿ ಕುಳಿತು ಧಾರವಾಡದ ಖಾನಾವಳಿಯ ಹಾಗಿಲ್ಲವೆನ್ನುತ್ತಾರೆ; ಅವ್ವನ ಹೆಸರು ಆ ಮಾತಿನಲ್ಲಿ ಬರುವುದೇ ಇಲ್ಲ.

ಬುತ್ತಿ ಈಗಲೂ ನಿಂತಿಲ್ಲ, ರೂಪ ಬದಲಿಸಿದೆ. ಹೊಸದಾಗಿ ಬೀಸಿದ ಹಿಟ್ಟಿನ ಚೀಲ ರಾತ್ರಿಯ ಬಸ್ಸಿನ ಹೊಟ್ಟೆಯಲ್ಲಿ ಸುಮಾರು 400 ಕಿಲೋಮೀಟರ್ ಪಯಣಿಸಿ, ನಸುಕಿನಲ್ಲಿ ಹೆದ್ದಾರಿಯ ಬದಿಗೆ ಇಳಿಯುತ್ತದೆ; ಹೊರಗೆ ಡೀಸೆಲ್ಲಿನ ವಾಸನೆ, ಬಾಯಿ ಬಿಚ್ಚಿದರೆ ಗಿರಣಿಯ ಘಮ. ಆ ಭಾನುವಾರ ಮನೆಯಲ್ಲಿ ಎಸರು ಕುದಿಯುತ್ತದೆ, ರೊಟ್ಟಿ ಉಬ್ಬುತ್ತದೆ, ಅಂಚು ಎಲ್ಲಿಯೂ ಸೀಳುವುದಿಲ್ಲ. ಎರಡನೆಯದನ್ನು ಮಾತ್ರ ಎದ್ದು ಹೋಗಿ ತಾವೇ ಹಾಕಿಕೊಳ್ಳಬೇಕು.