ಕೋಠಿಯಲ್ಲಿ ದ್ರಾಕ್ಷಿಯ ಜಾಡು

ಹೈದರಾಬಾದಿನ ಕೋಠಿಗೆ ಜನ ಹಳೆಯ ಪುಸ್ತಕಕ್ಕೆ ಹೋಗುತ್ತಾರೆ, ಸುಲ್ತಾನ್ ಬಜಾರಿನ ಬಟ್ಟೆಬರೆಗೆ ಹೋಗುತ್ತಾರೆ, ಗೋಕುಲ್ ಚಾಟ್‌ಗೆ ಹೋಗುತ್ತಾರೆ. ನಾನು ಹೋದದ್ದು ದ್ರಾಕ್ಷಿಯ ಜಾಡು ಹಿಡಿದು. ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಹಳ್ಳಿ. ಮನೆಯ ಹಿಂದೆ ಥಾಮ್ಸನ್ ಸೀಡ್‌ಲೆಸ್ ಪಡ, ಪಡದ ಪಕ್ಕದಲ್ಲಿ ಮನೂಕ ಒಣಗಿಸುವ ಶೆಡ್ಡು. ಥಾಮ್ಸನ್ನಿಗಿಂತ ಮೊದಲು ನಮ್ಮ ಹಿರಿಯರು ಹಚ್ಚಿದ್ದು ಹೈದರಾಬಾದಿನಿಂದ ಬಂದ ಅನಬ್-ಎ-ಶಾಹಿ ಎಂದು ಅಪ್ಪ ಹೇಳುತ್ತಿದ್ದರು. ಆ ಮಾತು ಮನಸ್ಸಿನಲ್ಲಿ ಉಳಿದಿತ್ತು. ಆಮೇಲೆ ನಂದಿಬೆಟ್ಟದ ಬುಡದ ವೈನ್ ತೋಟದಲ್ಲಿ ಫ್ರೆಂಚ್ ತಳಿಗಳ ಸಾಲುಗಳ ನಡುವೆ ಓಡಾಡಿ ಬಂದಾಗ ಇನ್ನೊಂದು ಪ್ರಶ್ನೆ ಅದರ ಜೊತೆ ಸೇರಿಕೊಂಡಿತು. ಫ್ರೆಂಚರು ದಖ್ಖನ್ನಿಗೆ ಬಂದು ಇಷ್ಟು ಕಾಲವಾಯಿತು, ಅವರ ದ್ರಾಕ್ಷಿ ಬರಲು ಯಾಕೆ ಇಷ್ಟು ತಡವಾಯಿತು? ಫ್ರೆಂಚರ ದಂಡನ್ನು ಹೈದರಾಬಾದಿನಿಂದ ಎಬ್ಬಿಸಿದ ರಾಜಕಾರಣ ನಡೆದದ್ದು ಕೋಠಿಯಲ್ಲೇ. ಹಾಗಾಗಿ ಅಲ್ಲಿಂದಲೇ ಶುರುಮಾಡಿದೆ.

ಬ್ರಿಟಿಷ್ ರೆಸಿಡೆನ್ಸಿ ಮೂಸಿ ನದಿಯ ಉತ್ತರ ದಂಡೆಗಿದೆ. ಬಡಾವಣೆಗೆ ಹೆಸರು ಬಂದದ್ದು ಈ ಬಂಗಲೆಯಿಂದ. 1949ರಿಂದ ಇದು ಹೆಣ್ಣುಮಕ್ಕಳ ಕಾಲೇಜು. ಈಗ ಚಾಕಲಿ ಐಲಮ್ಮನ ಹೆಸರಿನ ಮಹಿಳಾ ವಿಶ್ವವಿದ್ಯಾಲಯವಾಗಿದೆ. ನಿಜಾಮನ ದರ್ಬಾರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ 1803ರಲ್ಲಿ ಇದನ್ನು ಕಟ್ಟಿಸಲು ತೊಡಗಿದ. ನಕ್ಷೆ ಮದರಾಸಿನ ಎಂಜಿನಿಯರ್ ಸ್ಯಾಮ್ಯುಯೆಲ್ ರಸೆಲ್‌ನದು. ಕಟ್ಟಡ ಪೂರ್ತಿಯಾಗುವ ಹೊತ್ತಿಗೆ ಕರ್ಕ್‌ಪ್ಯಾಟ್ರಿಕ್ ಇರಲಿಲ್ಲ, 1805ರಲ್ಲೇ ಕಲ್ಕತ್ತದಲ್ಲಿ ತೀರಿಹೋಗಿದ್ದ. ಮೆಟ್ಟಿಲಿನ ಎರಡೂ ಬದಿಗೆ ಸಿಂಹಗಳು, ಅದರ ಮೇಲೆ ಕತ್ತೆತ್ತಿ ನೋಡಬೇಕಾದ ಕೊರಿಂಥಿಯನ್ ಕಂಬಗಳು. ಬಹಳ ವರ್ಷ ಪಾಳುಬಿದ್ದಂತಿದ್ದ ಕಟ್ಟಡವನ್ನು ಈಚೆಗೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಕೈಜೋಡಿಸಿ ದುರಸ್ತಿ ಮಾಡಿಸಿದೆ. ಸುಣ್ಣದ ಗಾರೆ, ಮರದ ನೆಲ, ಚಾವಣಿಯ ಚಿತ್ತಾರ ಎಲ್ಲದರಲ್ಲೂ ಕೆಲಸಗಾರರ ತಾಳ್ಮೆ ಕಾಣುತ್ತದೆ. ಹಿಂಬದಿಯಲ್ಲಿ ಬೇಗಂ ಖೈರುನ್ನಿಸಾಳಿಗಾಗಿ ಮಾಡಿಸಿದ ಇದೇ ಬಂಗಲೆಯ ಪುಟ್ಟ ಮಾದರಿ ಇದೆ. ಕರ್ಕ್‌ಪ್ಯಾಟ್ರಿಕ್‌ನನ್ನು ಮದುವೆಯಾದ ಆ ಹೈದರಾಬಾದಿ ಹೆಣ್ಣುಮಗಳ ಕಥೆಯನ್ನು ವಿಲಿಯಂ ಡಾಲ್‌ರಿಂಪಲ್ ದೊಡ್ಡ ಪುಸ್ತಕವನ್ನೇ ಮಾಡಿದ್ದಾರೆ.

ದರ್ಬಾರ್ ಹಾಲಿನಲ್ಲಿ ನಿಂತಾಗ ನನಗೆ ಕಾಣಿಸಿದ್ದು ಊಟದ ಮೇಜು. ಮೇಜು ಈಗಿಲ್ಲ, ಆದರೆ ಆ ಕಾಲದ ಕಂಪನಿಯ ಸಾಹೇಬರು ಏನು ಕುಡಿಯುತ್ತಿದ್ದರು ಎಂಬುದು ಗೊತ್ತಿರುವ ಸಂಗತಿ. ಒಂದು ಬೋರ್ಡೋದ ಕೆಂಪು ವೈನು, ಅದನ್ನು ಅವರು ಕ್ಲಾರೆಟ್ ಎನ್ನುತ್ತಿದ್ದರು. ಇನ್ನೊಂದು ಪೋರ್ಚುಗೀಸರ ದ್ವೀಪದ ಮಡೀರಾ. ಮಡೀರಾಗೆ ಬ್ರಾಂಡಿ ಬೆರೆಸಿ ಗಟ್ಟಿ ಮಾಡಿರುತ್ತಿದ್ದರಿಂದ ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಕಾಯ್ದರೂ ಅದು ಕೆಡುತ್ತಿರಲಿಲ್ಲ, ಆ ಕಾವಿಗೆ ಇನ್ನಷ್ಟು ಪಕ್ವವಾಗುತ್ತಿತ್ತು. ಬೋರ್ಡೋದ ವೈನಿಗೆ ಆ ತಾಳಿಕೆ ಇರಲಿಲ್ಲ. ಹಾಗಿದ್ದೂ ಫ್ರೆಂಚರ ಮೇಲೆ ದಂಡೆತ್ತಿದ ಇಂಗ್ಲಿಷರು ಫ್ರೆಂಚರ ವೈನನ್ನು ಬಿಡಲಿಲ್ಲ. ಒಂದು ನೆಲದ ರುಚಿ ನಾಲಿಗೆಗೆ ಹತ್ತಿದರೆ ಯುದ್ಧವೂ ಅದನ್ನು ಬಿಡಿಸಲಾರದು ಎಂಬುದು ನನಗೆ ಖಾತ್ರಿಯಾಯಿತು.

ಕೋಠಿಯ ಉಸ್ಮಾನಿಯಾ ಮೆಡಿಕಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದರೆ ಮೂಸಿ ದಾಟಿ, ಮಲಕ್‌ಪೇಟೆ ದಾಟಿ ಮೂಸಾರಾಂಬಾಗ್. ಆ ಬಡಾವಣೆಯ ಹೆಸರಿನಲ್ಲಿ ಒಬ್ಬ ಫ್ರೆಂಚ್ ಸೇನಾಪತಿ ಅಡಗಿದ್ದಾನೆ. ಮಿಷೆಲ್ ಜೊಆಕಿಮ್ ಮಾರಿ ರೇಮಂಡ್, ಗ್ಯಾಸ್ಕನಿ ಸೀಮೆಯವನು, 1755ರಲ್ಲಿ ಹುಟ್ಟಿದವನು. ವ್ಯಾಪಾರಕ್ಕೆಂದು ಪುದುಚೇರಿಗೆ ಬಂದು ಸಿಪಾಯಿಯಾದ. ನಮ್ಮ ಹೈದರಾಲಿಯ ಸೇನೆಯಲ್ಲಿದ್ದ ಫ್ರೆಂಚ್ ತುಕಡಿಯಲ್ಲೂ ದುಡಿದ. 1786ರಲ್ಲಿ ನಿಜಾಮ್ ಅಲಿ ಖಾನನ ಚಾಕರಿಗೆ ಸೇರಿ, ಈಗ ಗನ್‌ಫೌಂಡ್ರಿ ಎನ್ನುವ ಜಾಗದಲ್ಲಿ ತೋಪುಗಳನ್ನು ಎರಕ ಹೊಯ್ಯುವ ಕಾರ್ಖಾನೆ ತೆರೆದ. ಅವನ ಕೈಕೆಳಗೆ ಸುಮಾರು 14,000 ಸಿಪಾಯಿಗಳ ಪಡೆ ಬೆಳೆಯಿತು. ಮುಸಲ್ಮಾನರು ಅವನನ್ನು ಮೂಸಾ ರಹೀಮ್ ಎಂದರು, ಹಿಂದೂಗಳು ಮೂಸಾ ರಾಮ್ ಎಂದರು. ಅವನು ತೀರಿಕೊಂಡದ್ದು 1798ರ ಮಾರ್ಚ್ 25ರಂದು. ಅದೇ ಅಕ್ಟೋಬರಿನಲ್ಲಿ, ಅವನ ನಂತರ ಬಂದ ಪಿರಾನ್‌ನ ಕಾಲದಲ್ಲಿ, ಕರ್ಕ್‌ಪ್ಯಾಟ್ರಿಕ್ ಮುಂದೆ ನಿಂತು ಆ ಪಡೆಯನ್ನು ನಿಶ್ಶಸ್ತ್ರಗೊಳಿಸಿದ.

ಆಸ್ಮಾನ್‌ಗಡದ ದಿಬ್ಬದ ಮೇಲೆ ರೇಮಂಡನ ಗೋರಿ. ಮೇಲೆ ಕಿರಿದಾಗುತ್ತ ಹೋಗುವ ಒಂದು ಕಲ್ಲುಕಂಬ, ಅದರ ಮೇಲೆ ಅವನ ಹೆಸರಿನ ಎರಡು ಅಕ್ಷರ. ಪಕ್ಕದಲ್ಲಿ ಕಂಬಗಳ ಮಂಟಪ. ಮಳೆಗೆ ಕುಸಿದಿದ್ದನ್ನು ಮತ್ತೆ ಎಬ್ಬಿಸಿದ್ದಾರೆ. ಸುತ್ತ ಮನೆಗಳು ಒತ್ತಿಕೊಂಡು ಬಂದಿವೆ. ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಅವನ ಪುಣ್ಯತಿಥಿಗೆ ನಿಜಾಮರ ಕಡೆಯಿಂದ ಒಂದು ಪೆಟ್ಟಿಗೆ ಚುಟ್ಟಾ ಮತ್ತು ಒಂದು ಸೀಸೆ ಬಿಯರು ಬರುತ್ತಿತ್ತೆಂದು ಹೇಳುತ್ತಾರೆ. ಆ ಕಥೆ ಕೇಳಿದಾಗಲೆಲ್ಲ ನನ್ನ ಮನಸ್ಸು ಅವನ ಊರಿಗೆ ಹೋಗುತ್ತದೆ. ಯಾಕೆಂದರೆ ಗ್ಯಾಸ್ಕನಿಯವನ ಗೋರಿಗೆ ಸಲ್ಲಬೇಕಾದದ್ದು ವೈನು.

ಫ್ರಾನ್ಸಿನ ನೈಋತ್ಯದ ಆ ಸೀಮೆಯನ್ನು ನಾನು ಓದಿನಲ್ಲಷ್ಟೇ ಕಂಡಿದ್ದೇನೆ, ಆದರೆ ದ್ರಾಕ್ಷಿ ಬೆಳೆಯುವವನಿಗೆ ಅದು ದೂರದ ಊರಲ್ಲ. ಪಿರನೀಸ್ ಬೆಟ್ಟಗಳ ಕಡೆಗೆ ಮದಿರಾನ್ ಎಂಬಲ್ಲಿ ತನ್ನಾ ಎಂಬ ಕಪ್ಪು ದ್ರಾಕ್ಷಿ ಬೆಳೆಯುತ್ತದೆ. ದಪ್ಪ ಸಿಪ್ಪೆ, ಅದರ ವೈನು ನಾಲಿಗೆಯ ಮೇಲೆ ನೇರಳೆ ಹಣ್ಣಿನ ಹಾಗೆ ಒಗರು ಹಿಡಿಸುತ್ತದೆ. ಆ ಸೀಮೆಯವರು ಬಾತುಕೋಳಿಯ ಕಾಲಿಗೆ ಉಪ್ಪು ಸವರಿಟ್ಟು, ಅದರದೇ ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಅದೇ ಕೊಬ್ಬಿನಲ್ಲಿ ಮುಳುಗಿಸಿ ಕಾಪಿಡುತ್ತಾರೆ. ಒಗರಿನ ವೈನು ಬಾಯಿಯ ಜಿಡ್ಡನ್ನು ಕತ್ತರಿಸುತ್ತದೆ, ಜಿಡ್ಡು ವೈನಿನ ಒಗರನ್ನು ಮೆತ್ತಗೆ ಮಾಡುತ್ತದೆ. ತನ್ನಾ ಮತ್ತು ಬಾತುಕೋಳಿ ಒಂದೇ ಊರಿನಲ್ಲಿ ಒಂದನ್ನೊಂದು ನೋಡಿಕೊಂಡು ಬೆಳೆದವು. ಅದೇ ಸೀಮೆಯ ಕೊಲಂಬಾರ್ ಎಂಬ ಬಿಳಿ ದ್ರಾಕ್ಷಿಯ ಹುಳಿ ವೈನು ಅಟ್ಲಾಂಟಿಕ್ ಕರಾವಳಿಯ ಸಿಂಪಿಗೆ ಹೊಂದುತ್ತದೆ. ಇದನ್ನು ಯಾವ ಪಂಡಿತನೂ ಕೂತು ಹೊಂದಿಸಲಿಲ್ಲ, ತಲೆತಲಾಂತರದ ಅಡುಗೆಮನೆಗಳು ಹೊಂದಿಸಿದವು. 1948ರಲ್ಲಿ ಮದಿರಾನ್ ಎಂಬ ಹೆಸರಿಗೇ ಸರ್ಕಾರ ಕಾನೂನಿನ ಕಾವಲು ಕೊಟ್ಟಿತು.

ಹಾಗಾದರೆ ರೇಮಂಡನಂಥವರು ಬಳ್ಳಿಯನ್ನೇಕೆ ತರಲಿಲ್ಲ? ಗೋರಿಯ ಕಟ್ಟೆಯ ಮೇಲೆ ಕುಳಿತು ನಮ್ಮ ಪಡವನ್ನು ನೆನೆಸಿಕೊಂಡೆ. ಉತ್ತರ ನಮ್ಮ ಚಾಟ್ನಿಯಲ್ಲಿದೆ, ಅಂದರೆ ಬಳ್ಳಿ ಕತ್ತರಿಸುವ ಕ್ರಮದಲ್ಲಿ. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಎದ್ದು ವರ್ಷಕ್ಕೊಂದು ಬೆಳೆ ಕೊಡುತ್ತದೆ. ದಖ್ಖನ್ನಿನಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಅದಕ್ಕೇ ನಾವು ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಇನ್ನೊಮ್ಮೆ ಕತ್ತರಿಸುತ್ತೇವೆ. ಮೊದಲ ಚಾಟ್ನಿ ಕಡ್ಡಿಗೆ, ಎರಡನೆಯದು ಹಣ್ಣಿಗೆ. ಬಳ್ಳಿಯನ್ನು ಅದರ ಪಾಡಿಗೆ ಬಿಟ್ಟರೆ ಮಳೆಗಾಲದಲ್ಲೂ ಹೂ ಬಿಟ್ಟು ಬೂಜಿನಲ್ಲಿ ಕೊಳೆಯುತ್ತದೆ. ದೌಲತಾಬಾದಿನಲ್ಲಿ ದ್ರಾಕ್ಷಿ ವರ್ಷಕ್ಕೆ ಎರಡು ಸಲ ಫಲ ಕೊಡುತ್ತದೆ ಎಂದು 14ನೇ ಶತಮಾನದಲ್ಲೇ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಅವನು ಕಂಡದ್ದು ಈ ನಿದ್ದೆಯಿಲ್ಲದ ಬಳ್ಳಿಯನ್ನೇ. ವೈನ್ ತಳಿಗಳನ್ನು ಇಲ್ಲಿಗೆ ಒಗ್ಗಿಸಲು ಕತ್ತರಿ ಹಿಡಿಯುವ ಲೆಕ್ಕಾಚಾರ ಬೇಕು, ಬೂಜಿಗೆ ಔಷಧಿ ಬೇಕು, ವೈನು ಹುದುಗುವಾಗ ತಣ್ಣಗಿಡುವ ಯಂತ್ರ ಬೇಕು. ತೋಪು ಎರಕ ಹೊಯ್ಯುವವನ ಹತ್ತಿರ ಇವು ಯಾವುವೂ ಇರಲಿಲ್ಲ.

ಅವು ಒದಗಿದ್ದು ನಮ್ಮ ಕಾಲದಲ್ಲಿ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರನ್ನು ಕರೆತಂದು, ಫ್ರೆಂಚ್ ತಳಿಗಳನ್ನು ಹಲವು ಕಡೆ ಪರೀಕ್ಷಿಸಿ, ಕೊನೆಗೆ ದೊಡ್ಡಬಳ್ಳಾಪುರದ ಬಳಿ ನಂದಿಬೆಟ್ಟದ ಬುಡವನ್ನು ಆರಿಸಿಕೊಂಡರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ರಾತ್ರಿ ತಂಪು. ಮುಂದೆ ಬೋರ್ಡೋದ ಮಿಷೆಲ್ ರೊಲಾನ್ ಸಲಹೆಗಾರರಾದರು. ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್, ವಿಯೋನಿಯೆ ಆ ಮಣ್ಣಿನಲ್ಲಿ ಬೇರುಬಿಟ್ಟವು.

ಮತ್ತೆ ಕೋಠಿಗೆ ಬಂದು ಮೊಅಜ್ಜಂ ಜಾಹಿ ಮಾರ್ಕೆಟ್ಟಿಗೆ ನಡೆದೆ. ಗ್ರಾನೈಟಿನಲ್ಲಿ ಕಟ್ಟಿದ, ಗಡಿಯಾರದ ಗೋಪುರವಿರುವ ಈ ಮಾರುಕಟ್ಟೆ 1935ರದು. ನಗರದ ಹಣ್ಣಿನ ಸಗಟು ವ್ಯಾಪಾರ ಮೊದಲು ಇಲ್ಲೇ ಇತ್ತು, ಬಳಿಕ ಊರ ಹೊರಗೆ ಹೋಯಿತು. ಫೆಬ್ರುವರಿ, ದ್ರಾಕ್ಷಿಯ ಸುಗ್ಗಿ. ತಳ್ಳುಗಾಡಿಗಳ ಮೇಲೆ ಥಾಮ್ಸನ್ ಇತ್ತು, ಉದ್ದ ಕಾಯಿಯ ಸೋನಾಕಾ ಇತ್ತು, ಕಪ್ಪು ಶರದ್ ಇತ್ತು. ಅನಬ್-ಎ-ಶಾಹಿ ಕೇಳಿದೆ. ವಯಸ್ಸಾದ ಗಾಡಿಯವರೊಬ್ಬರು ನನ್ನ ಉರ್ದು ಕೇಳಿ ಕನ್ನಡಕ್ಕೆ ತಿರುಗಿದರು. ಬೀದರ್ ಕಡೆಯವರು.

"ಅದು ಈಗ ಎಲ್ಲಿ ಬರ್ತದ್ರೀ? ಬೀಜ ಅಂತ ಯಾರೂ ತಗೊಳ್ಳಲ್ಲ. ಹಿಂದ ಇಲ್ಲಿ ಅದೇ ರಾಜಾ ಇತ್ತು."

ರಾಜನೆಂದದ್ದು ಉತ್ಪ್ರೇಕ್ಷೆಯಲ್ಲ. 1890ರ ಸುಮಾರಿಗೆ ಹೈದರಾಬಾದಿನ ಅಬ್ದುಲ್ ಬಾಕರ್ ಖಾನ್ ಈ ತಳಿಯನ್ನು ಬೆಳಕಿಗೆ ತಂದರೆಂದು ತೋಟಗಾರಿಕೆಯ ಪುಸ್ತಕಗಳು ದಾಖಲಿಸುತ್ತವೆ. ಮಾಗಿದರೆ ಜೇನುಬಣ್ಣಕ್ಕೆ ತಿರುಗುವ ಉದ್ದನೆಯ ದೊಡ್ಡ ಕಾಯಿ, ತಿಳಿಯಾದ ರಸ, ತೋಳಿನಷ್ಟುದ್ದದ ಗೊನೆ. ಹೆಕ್ಟೇರಿಗೆ 35 ಟನ್ ಕೊಡುವ ಬಳ್ಳಿ. ಬೋರ್ಡೋದ ಒಳ್ಳೆಯ ತೋಟಗಳು ಅದರ ಕಾಲುಭಾಗದಷ್ಟೂ ತೆಗೆಯುವುದಿಲ್ಲ. ಬಳ್ಳಿಯ ಸಾರವೆಲ್ಲ ಕೆಲವೇ ಗೊನೆಗಳಿಗೆ ಇಳಿಯಲಿ ಎಂದು ಬೇಕೆಂದೇ ಬೆಳೆ ಕಡಿಮೆ ಮಾಡುತ್ತಾರೆ. ಅನಬ್-ಎ-ಶಾಹಿಯ ರಸದಲ್ಲಿ ಸಕ್ಕರೆ ನೂರಕ್ಕೆ ಹದಿನಾಲ್ಕರಿಂದ ಹದಿನಾರು. ವೈನಿಗೆ ಇಪ್ಪತ್ತೆರಡರ ಆಸುಪಾಸು ಬೇಕು. ಇದನ್ನು ಹುದುಗಿಸಿದರೆ ಎಂಟು-ಒಂಬತ್ತು ಪರ್ಸೆಂಟಿನ ತೆಳು ವೈನು ಬಂದೀತು. ಆದರೆ ಅದರಿಂದ ಈ ದ್ರಾಕ್ಷಿ ಕಡಿಮೆಯದಾಗುವುದಿಲ್ಲ. ಅದು ಹುಟ್ಟಿದ್ದು ತಟ್ಟೆಗೆ, ಪೀಪಾಯಿಗಲ್ಲ. ದಖ್ಖನ್ನಿನ ಬಿಸಿಲಿಗೆ, ಖಾರದ ಊಟ ಮುಗಿಸಿದ ಬಾಯಿಗೆ ಬೇಕಾದ ನೀರು, ತಂಪು, ಹದವಾದ ಸಿಹಿ ಅದರಲ್ಲಿವೆ. ಕರ್ನಾಟಕದ ದಿಲ್‌ಖುಷ್ ತಳಿಯೂ ಇದೇ ಬಳ್ಳಿಯಿಂದ ಆರಿಸಿ ಬೆಳೆಸಿದ ಕೂಸು.

ರಾತ್ರಿ ಕಾಚಿಗುಡಾದಲ್ಲಿ ಸೋದರತ್ತೆಯ ಮನೆ. ಕರ್ನಾಟಕ ಸಾಹಿತ್ಯ ಮಂದಿರ ಇರುವ ಬಡಾವಣೆ ಅದು, ಬೀದಿಯಲ್ಲಿ ನಮ್ಮ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅತ್ಯಾ ಬಾಗಲಲ್ಲೇ ಕೇಳಿದಳು, "ಏನಪಾ, ದ್ರಾಕ್ಷಿ ನೋಡಾಕ ಇಲ್ಲೀತನಾ ಬಂದಿ? ನಿಮ್ಮ ಮಾಮಾ ಇದ್ದಾಗ ಬಂದಿದ್ರ ತೋರಸ್ತಿದ್ರು. ಕೊಂಪಲ್ಲಿ, ಮೇಡ್ಚಲ್ ಕಡೆ ಬರೇ ದ್ರಾಕ್ಷಿ ತೋಟನ ಇದ್ವು. ಬುಟ್ಟಿಗಟ್ಟಲೆ ತರತಿದ್ರು. ಈಗ ಅಲ್ಲೆಲ್ಲ ಅಪಾರ್ಟ್‌ಮೆಂಟ್ ಎದ್ದಾವ."

ಊಟಕ್ಕೆ ಜೋಳದ ರೊಟ್ಟಿ, ಬಗಾರಾ ಬೈಂಗನ್, ಮಿರ್ಚಿ ಕಾ ಸಾಲನ್. ಶೇಂಗಾ, ಎಳ್ಳು, ಕೊಬ್ಬರಿ ಹುರಿದು ಅರೆದು, ಹುಣಸೆಹುಳಿ ಹಿಂಡಿದ ಆ ಸಾಲನ್ನಿನ ಮುಂದೆ ರೇಮಂಡನ ಊರಿನ ತನ್ನಾವನ್ನು ಇಟ್ಟರೆ ಇಬ್ಬರಿಗೂ ಅನ್ಯಾಯ. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲು ಕೆರಳಿಸುತ್ತದೆ, ಹುಣಸೆಯ ಹುಳಿಯ ಎದುರು ಕೆಂಪು ವೈನು ಸಪ್ಪೆಯಾಗಿ ಒಗರಷ್ಟೇ ಉಳಿಯುತ್ತದೆ. ನಂದಿಯ ತೋಟದಲ್ಲಿ ಖಾರದ ಶೇಂಗಾದ ಜೊತೆ ಕೆಂಪು, ಬಿಳಿ ಎರಡನ್ನೂ ಸವಿದಾಗ ನನಗಿದು ತಿಳಿದಿತ್ತು. ಅಲ್ಲಿ ಗೆದ್ದದ್ದು ಹೂವಿನ ಪರಿಮಳದ, ತಣ್ಣಗಿನ ವಿಯೋನಿಯೆ. ಹೈದರಾಬಾದಿನ ಊಟಕ್ಕೆ ವೈನು ಬೇಕೆನ್ನುವವರು ಚೂರು ಸಿಹಿ ಉಳಿಸಿಕೊಂಡ ತಣ್ಣನೆಯ ಬಿಳಿ ವೈನನ್ನು ಆರಿಸಿಕೊಳ್ಳಲಿ. ಮೆಣಸಿನ ಅಬ್ಬರವಿಲ್ಲದ, ತುಪ್ಪ ತೇಲುವ ಹಲೀಮಿನ ಎದುರು ಮಾತ್ರ ಶಿರಾಜ್ ನಿಂತೀತು ಎಂದು ನನ್ನ ಅಂದಾಜು. ಅತ್ಯಾಳ ಮನೆಯಲ್ಲಿ ಇದಾವುದರ ಪ್ರಶ್ನೆಯೇ ಇರಲಿಲ್ಲ. ಊಟವಾದ ಮೇಲೆ ಅವಳು ತಣ್ಣೀರಿನಲ್ಲಿ ಹಾಕಿಟ್ಟ ಥಾಮ್ಸನ್ ದ್ರಾಕ್ಷಿ ತಂದಿಟ್ಟಳು. ಸಿಹಿ ಜಾಸ್ತಿ, ನೀರು ಸಾಲದು ಎನ್ನಿಸಿತು.

ಹಲೀಮಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಗೂ ಸಿಕ್ಕಿದೆ. ಮದಿರಾನ್ ತನ್ನಾವನ್ನು ಕಾಯ್ದುಕೊಂಡ ಹಾಗೆ ದಖ್ಖನ್ ತನ್ನ ಅನಬ್-ಎ-ಶಾಹಿಯನ್ನು ಕಾಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ತೋಟಗಳು ಲೇಔಟ್‌ಗಳಾದ ಹೈದರಾಬಾದಿನಲ್ಲಿ ಆ ಕೆಲಸ ಇನ್ನು ಕಷ್ಟ. ರಾಜೇಂದ್ರನಗರದ ದ್ರಾಕ್ಷಿ ಸಂಶೋಧನಾ ಕೇಂದ್ರ ಬಿಟ್ಟರೆ ಅದು ನಮ್ಮಂಥ ಬೆಳೆಗಾರರಿಗೇ ಬರಬೇಕು.

ಅಲ್ಲಿಂದಲೇ ತಮ್ಮನಿಗೆ ಫೋನು ಮಾಡಿದೆ. ನಮ್ಮ ಪಡದ ಬಳ್ಳಿಗಳೆಲ್ಲ ನಿಂತಿರುವುದು ಡಾಗ್‌ರಿಡ್ಜ್ ಎಂಬ, ಟೆಕ್ಸಾಸಿನ ಕಾಡುಬಳ್ಳಿಯ ಬೇರಿನ ಮೇಲೆ. ಸವಳು ನೀರು ತಡೆಯುವ ಬೇರು. ಅದರ ಮೇಲೆ ಥಾಮ್ಸನ್ ಕೂರುವುದಾದರೆ ಹೈದರಾಬಾದಿನದು ಕೂರಬಾರದೇಕೆ ಎಂದೆ. ಬೀಜದ ದ್ರಾಕ್ಷಿಗೆ ಮಾರ್ಕೆಟ್ ಇಲ್ಲ, ಬೂಜು ಬೇಗ ಹತ್ತುತ್ತದೆ, ಮನೂಕಕ್ಕೂ ಬರುವುದಿಲ್ಲ ಎಂದು ಅವನು ಒಂದೊಂದಾಗಿ ಹೇಳಿದ. ಎಲ್ಲವೂ ನಿಜ. ಮನೆಗೆ ತಿನ್ನಲು, ಸುತ್ತಲ ಸಂತೆಗೆ ಒಯ್ಯಲು ಸ್ವಲ್ಪ ಸಾಕೆಂದೆ.

"ಆತು, ಆಗಸ್ಟ್‌ನಾಗ ಕಸಿ ಕಟ್ಟೂ ಮುಂದ ಬಾವಿ ಕಡಿ ಸಾಲು ಬಿಟ್ಟಕೊಡತೀನಿ," ಎಂದ ಕೊನೆಗೆ. "ಆದ್ರ ಕಡ್ಡಿ ನೀನ ತರಬೇಕು ನೋಡಣ್ಣ, ರೋಗ ಇಲ್ಲದ್ದು."