ಕೊಳ್ಳುವವನ ಪಾಲು

ವಡ್ಡಾರಾಧನೆಯ ವಿದ್ಯುಚ್ಚೋರನು ಮಹಾಚೋರನಾಗಿದ್ದು ಕಡೆಗೆ ಮುನಿಯಾದನು. ಇತಿಹಾಸದ ಸುಲಿಗೆಗಾರರಿಗೆ ಆ ಭಾಗ್ಯ ವಿರಳ. 1948ರ ಸೆಪ್ಟೆಂಬರ್‌ವರೆಗೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ನಿಜಾಮನ ಆಳ್ವಿಕೆಯಲ್ಲಿದ್ದವು. ರಜಾಕಾರರ ನಾಯಕ ಕಾಸಿಂ ರಜ್ವಿಯು ಸೆರೆವಾಸ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ತೆರಳಿದನು.

ಆ ಗಲಭೆಯ ಕಾಲದಲ್ಲಿ ಅಗ್ಗಕ್ಕೆ ಬಂದ ಸುಲಿಗೆಯ ಒಡವೆಯನ್ನು ನಮ್ಮ ಅಜ್ಜನವರು ಮುಟ್ಟಲಿಲ್ಲವೆಂದು ತಂದೆಯವರು ಹೇಳುತ್ತಿದ್ದರು. ನಾನಾದರೋ ಒಮ್ಮೆ ಸಿಂಧನೂರಿನ ಅಂಗಡಿಯಲ್ಲಿ, ಮೂಲ ವಿಚಾರಿಸದೆ ಅಗ್ಗದ ಭತ್ತ ಕೊಂಡೆ. ಅದು ಕದ್ದದ್ದೆಂದು ತಿಳಿದಾಗ ರೈತನಿಗೆ ಪೂರ್ಣ ಬೆಲೆ ತೆತ್ತೆ. ಖಾತೆ ಸರಿಹೋಯಿತು, ಮನಸ್ಸು ಸರಿಹೋಗಲಿಲ್ಲ.

ಕದ್ದ ಮಾಲನ್ನು ಕೊಳ್ಳುವುದೂ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದೆಂದು ತತ್ತ್ವಾರ್ಥಸೂತ್ರ ಎಣಿಸುತ್ತದೆ. ಕಳ್ಳರ ದೊರೆಯನ್ನು ಸಾಕುವವನು ಕೇಳದೆ ಕೊಳ್ಳುವ ವರ್ತಕನೇ ಅಲ್ಲವೇ?